ಹಳೆ ಚೇತಕ್‌ನ ಲೈಟಿಂಗ್ ಡಿಸಿ ಮಾಡಬೇಕು: ಮ್ಯಾಗ್ನೆಟ್ ಬಿಚ್ಚಲೇಬೇಕಾ?

ಕೋಥ್ರೂಡ್ ಚೇತಕ್

ಎಲ್ಲರಿಗೂ ನಮಸ್ಕಾರ. ಇರುವುದು ಪುಣೆಯ ಕೋಥ್ರೂಡಿನಲ್ಲಿ, ಊರು ಧಾರವಾಡ. ಅಪ್ಪನ ಬಜಾಜ್ ಚೇತಕ್ ಈಗ ನನ್ನ ಕೈಯಲ್ಲಿದೆ. 12 ವೋಲ್ಟಿನ ಗಾಡಿ. ಕಿಡಿ ಹುಟ್ಟಿಸಲು ಹಳೆ ಕಾಲದ ಪಾಯಿಂಟ್ (ತೆರೆದು ಮುಚ್ಚುವ ಸಂಪರ್ಕ) ಇಲ್ಲ, ಸಿಡಿಐ ಅನ್ನುವ ಎಲೆಕ್ಟ್ರಾನಿಕ್ ಇಗ್ನಿಷನ್ ಇದೆ. ಬ್ಯಾಟರಿ ಇಲ್ಲ. ಎಂಜಿನ್ ಬಗ್ಗೆ ಚಿಂತೆ ಇಲ್ಲ, ಕಿಕ್ ಹೊಡೆದ ಕೂಡಲೇ ಶುರು ಆಗುತ್ತದೆ. ತೊಂದರೆ ಇರುವುದೆಲ್ಲ ಬೆಳಕಿನದು.

ಸಿಗ್ನಲ್ಲಿನಲ್ಲಿ ನಿಂತರೆ ಹೆಡ್‌ಲೈಟ್ ಮಂಕಾಗುತ್ತದೆ. ಇಂಡಿಕೇಟರ್ ಹಾಕಿದರೆ ಅದರ ಜೊತೆ ಹೆಡ್‌ಲೈಟೂ ಬಡಿದುಕೊಳ್ಳುತ್ತದೆ. ಹಳೆ ಕಾತ್ರಜ್ ಘಾಟ್ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಮುಂದಿನ ತಿರುವು ಕಾಣುವುದಿಲ್ಲ. ಹಿಂದೆ ಹೆಂಡತಿ, ಮಗು ಕೂತಿರುವಾಗ ಇದು ಸಣ್ಣ ಮಾತಲ್ಲ.

ಈಗಿರುವ ಎಸಿ (ಆಚೀಚೆ ದಿಕ್ಕು ಬದಲಿಸುವ ಕರೆಂಟ್) ಬಿಟ್ಟು, ಪೂರ್ತಿ ಡಿಸಿ (ಒಂದೇ ದಿಕ್ಕಿನ ಕರೆಂಟ್) ಮಾಡಿ ಬ್ಯಾಟರಿ ಕೂರಿಸಬೇಕು ಅಂತ ಇದ್ದೇನೆ. ಇಲ್ಲಿನ ಒಬ್ಬ ಮೆಕ್ಯಾನಿಕ್, ಹೊಸ ಬೈಕಿನ ಆರ್‌ಆರ್ ಯೂನಿಟ್ (ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್) ತಂದು ಎರಡು ವೈರು ಸೇರಿಸಿದರೆ ಸಾಕು ಅಂದರು. ಇನ್ನೊಬ್ಬರು ಮ್ಯಾಗ್ನೆಟ್ (ಎಂಜಿನ್ನಿನಲ್ಲಿ ಕರೆಂಟ್ ಹುಟ್ಟಿಸುವ ಭಾಗ: ಅಯಸ್ಕಾಂತದ ಫ್ಲೈವೀಲ್, ಅದರೊಳಗಿನ ಕಾಯಿಲ್) ಬಿಚ್ಚದೆ ಆಗುವುದಿಲ್ಲ ಅಂದರು. ಯಾರ ಮಾತು ಸರಿ? ಸ್ವಂತ ಕೈಯಿಂದ ಮಾಡಿದವರು ದಯವಿಟ್ಟು ಬಿಡಿಸಿ ಹೇಳಿ.

ಹೊಸ ಸವಾರ

ಅಣ್ಣಾ, ಡಿಸಿ ಮಾಡುವುದು ಅಂದರೆ ಹಳೆ ಸ್ಕೂಟರನ್ನು ಎಲೆಕ್ಟ್ರಿಕ್ ಮಾಡುವುದಾ? ಈಗ ಬರುವ ಚೇತಕ್ ಥರ?

ಕೋಥ್ರೂಡ್ ಚೇತಕ್

ಅಲ್ಲ ತಮ್ಮಾ. ಪೆಟ್ರೋಲ್ ಎಂಜಿನ್ ಹಾಗೇ ಇರುತ್ತದೆ. ಲೈಟು, ಹಾರ್ನು, ಇಂಡಿಕೇಟರಿಗೆ ಹೋಗುವ ಕರೆಂಟನ್ನು ಎಸಿಯಿಂದ ಡಿಸಿಗೆ ಬದಲಿಸುವುದು ಅಷ್ಟೇ. ಬಜಾಜ್‌ನವರ ಎಲೆಕ್ಟ್ರಿಕ್ ಚೇತಕ್ 2020ರಲ್ಲಿ ಪುಣೆ, ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂತು. ಹೆಸರು ಒಂದೇ, ಗಾಡಿ ಬೇರೆಯೇ.

ಆಕುರ್ಡಿ ಕಾಕಾ

ತಮ್ಮಾ, ಡಿಸಿ ಮಾಡುವ ಮಾತು ಆಮೇಲೆ. ಈಗ ಇರುವ ಎಸಿ ಸರಿಯಾಗಿ ಕೆಲಸ ಮಾಡುತ್ತಿದೆಯಾ ನೋಡಿದೆಯಾ? 1972ರಲ್ಲಿ ಚೇತಕ್ ಶುರುವಾದಾಗಿನಿಂದ ಲಕ್ಷಗಟ್ಟಲೆ ಗಾಡಿಗಳು ಎಸಿ ಲೈಟಿನಲ್ಲೇ ದೇಶ ಸುತ್ತಿವೆ. ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ನಿಧಾನ ತಿರುಗುವಾಗ) ಮಂಕಾಗುವುದು ಅದರ ಗುಣ. ಓಡುವಾಗಲೂ ಮಂಕಾಗಿದ್ದರೆ ಅದು ರೋಗ.

ಮೊದಲು ಇಷ್ಟು ನೋಡು. ರೆಗ್ಯುಲೇಟರ್ ಕೂತಿರುವ ಜಾಗದಲ್ಲಿ ಬಣ್ಣ, ತುಕ್ಕು ಇದ್ದರೆ ಕೆರೆದು ತೆಗೆ. ಎಂಜಿನ್ನಿನಿಂದ ಗಾಡಿಯ ಬಾಡಿಗೆ ಒಂದು ದಪ್ಪ ಅರ್ಥ್ ವೈರು (ಕರೆಂಟ್ ಹಿಂದಿರುಗುವ ದಾರಿ) ಹಾಕು. ಹ್ಯಾಂಡಲಿನ ಒಳಗೆ ಹೆಡ್‌ಲೈಟ್ ಹೋಲ್ಡರಿನ ಅರ್ಥ್ ಗಟ್ಟಿಯಾಗಿದೆಯಾ ನೋಡು. ಆಮೇಲೆ ಲೈಟ್ ಹಾಕಿ, ಎಂಜಿನ್ ಮಧ್ಯಮ ವೇಗದಲ್ಲಿಟ್ಟು, ಬಲ್ಬಿನ ಎರಡು ತುದಿಗೇ ಮೀಟರ್ ಹಿಡಿದು ಎಸಿ ವೋಲ್ಟೇಜ್ ಓದು. 12ರ ಆಸುಪಾಸು ಬಂದರೆ ಮ್ಯಾಗ್ನೆಟ್ ಚೆನ್ನಾಗಿದೆ. ಎಂಟೋ ಒಂಬತ್ತೋ ಬಂದರೆ ಕಾಯಿಲ್, ರೆಗ್ಯುಲೇಟರ್ ಅಥವಾ ಫ್ಲೈವೀಲಿನ ಅಯಸ್ಕಾಂತದಲ್ಲಿ ದೋಷ ಇದೆ. ಅದನ್ನು ಸರಿ ಮಾಡದೆ ಬ್ಯಾಟರಿ ಕೂರಿಸಿದರೆ ಬ್ಯಾಟರಿ ಯಾವತ್ತೂ ತುಂಬುವುದಿಲ್ಲ.

ಫ್ಲೈವೀಲ್ ಹಳೆಯದಾದ ಹಾಗೆ ಅಯಸ್ಕಾಂತ ಸೋಲುತ್ತದೆ. ಅದಕ್ಕೆ ಮತ್ತೆ ಶಕ್ತಿ ತುಂಬಿಕೊಡುವವರು ಇದ್ದಾರೆ. ನಾನಾ ಪೇಟೆಯ ಸ್ಪೇರ್ ಅಂಗಡಿಗಳಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ.

ಮಾಟುಂಗಾ ಮೀಟರ್

ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ. ಅದು ಮುಗಿದ ಮೇಲೆ ಡಿಸಿ ಮಾತಿಗೆ ಬರೋಣ. ಮ್ಯಾಗ್ನೆಟ್ ಬಿಚ್ಚಬೇಕೋ ಬೇಡವೋ ಅನ್ನುವುದಕ್ಕೆ ಉತ್ತರ ಕಾಯಿಲಿನ ಅರ್ಥ್‌ನಲ್ಲಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದು ತಿಳಿಯದೆ ಕೈ ಹಾಕಿ ಕಾಯಿಲ್ ಸುಟ್ಟುಕೊಂಡವರು ಮುಂಬೈಯಲ್ಲೂ ಬೇಕಾದಷ್ಟು ಜನ ಇದ್ದಾರೆ.

ಫ್ಲೈವೀಲಿನ ಒಳಗೆ ತಿರುಗದೆ ನಿಂತಿರುವ ಸ್ಟೇಟರ್ ಪ್ಲೇಟಿನ ಮೇಲೆ ಎರಡು ಬಗೆಯ ಕಾಯಿಲ್ ಇರುತ್ತವೆ. ಒಂದು ಸಿಡಿಐಗೆ ಕರೆಂಟ್ ಕೊಡುವುದು. ಉಳಿದವು ಲೈಟಿನವು. ಲೈಟಿನ ಕಾಯಿಲ್‌ಗಳನ್ನು ಒಂದಕ್ಕೊಂದು ಸೇರಿಸಿ, ಒಂದು ತುದಿಯನ್ನು ಪ್ಲೇಟಿಗೇ ಸೋಲ್ಡರ್ ಮಾಡಿರುತ್ತಾರೆ. ಪ್ಲೇಟು ಎಂಜಿನ್ನಿಗೆ, ಎಂಜಿನ್ ಗಾಡಿಯ ಬಾಡಿಗೆ ತಾಗಿದೆ. ಇನ್ನೊಂದು ತುದಿ ಮಾತ್ರ ವೈರಾಗಿ ಹೊರಗೆ ಬರುತ್ತದೆ. ಎಸಿ ಲೈಟಿಗೆ ಇಷ್ಟು ಸಾಕು.

ಈಗ ಫುಲ್ ವೇವ್ (ಎಸಿಯ ಎರಡೂ ದಿಕ್ಕನ್ನು ಬಳಸುವ) ಆರ್‌ಆರ್ ಯೂನಿಟ್ ತಂದಿರಿ ಅಂದುಕೊಳ್ಳಿ. ಅದರೊಳಗೆ ನಾಲ್ಕು ಡಯೋಡಿನ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಬ್ರಿಡ್ಜ್ ಇದೆ. ಕಾಯಿಲಿನ ಎರಡೂ ತುದಿ ಅದಕ್ಕೆ ಬೇಕು. ಬ್ರಿಡ್ಜಿನ ಮೈನಸ್ಸು ಬ್ಯಾಟರಿಯ ಮೈನಸ್ಸಿಗೆ, ಅಲ್ಲಿಂದ ಬಾಡಿಗೆ ಹೋಗುತ್ತದೆ. ಕಾಯಿಲಿನ ಒಂದು ತುದಿಯೂ ಬಾಡಿಯಲ್ಲೇ ಇದ್ದರೆ ಏನಾಗುತ್ತದೆ? ಕರೆಂಟ್ ಒಂದು ದಿಕ್ಕಿಗೆ ಹರಿಯುವಾಗ ಬ್ಯಾಟರಿಗೆ ಹೋಗುತ್ತದೆ. ದಿಕ್ಕು ತಿರುಗಿದ ಕೂಡಲೇ ಒಂದೇ ಡಯೋಡಿನ ಮೂಲಕ ಕಾಯಿಲ್ ತನ್ನನ್ನೇ ಶಾರ್ಟ್ ಮಾಡಿಕೊಳ್ಳುತ್ತದೆ. ಎಂಜಿನ್ ತಿರುಗಿದಷ್ಟು ಹೊತ್ತೂ ಇದು ನಡೆಯುತ್ತದೆ. ಕಾಯಿಲ್ ಬಿಸಿ, ಆರ್‌ಆರ್ ಬಿಸಿ, ಚಾರ್ಜಿಂಗ್ ಮಾತ್ರ ಅರ್ಧ. ಎರಡು ವೈರು ಸೇರಿಸಿದರೆ ಸಾಕು ಅನ್ನುವವರು ಈ ಒಂದು ಮಾತನ್ನು ಬಿಟ್ಟಿರುತ್ತಾರೆ.

ಆದ್ದರಿಂದ ಪೂರ್ತಿ ಡಿಸಿ ಬೇಕಿದ್ದರೆ ಫ್ಲೈವೀಲ್ ತೆಗೆಯಬೇಕು, ಲೈಟ್ ಕಾಯಿಲಿನ ಅರ್ಥ್ ತುದಿಯನ್ನು ಪ್ಲೇಟಿನಿಂದ ಬಿಡಿಸಬೇಕು, ಅದಕ್ಕೊಂದು ವೈರು ಸೇರಿಸಿ ಹೊರಗೆ ತರಬೇಕು. ಆಗ ಕಾಯಿಲ್ ಬಾಡಿಯಿಂದ ಪೂರ್ತಿ ಬೇರೆಯಾಗುತ್ತದೆ. ಎರಡು ಎಸಿ ವೈರು ಆರ್‌ಆರ್‌ಗೆ ಹೋಗುತ್ತವೆ. ಹಳೆಯ ಎಸಿ ರೆಗ್ಯುಲೇಟರನ್ನು ತೆಗೆದೇ ಹಾಕಬೇಕು. ಅದನ್ನು ಬಿಟ್ಟರೆ ಮತ್ತೆ ಬಾಡಿಗೆ ದಾರಿ ಸಿಗುತ್ತದೆ.

ಸಿಡಿಐ ಕಾಯಿಲ್, ಕಿಡಿಯ ಹೊತ್ತು ತಿಳಿಸುವ ಪಿಕಪ್, ಅವುಗಳ ಅರ್ಥ್, ಇವನ್ನು ಮುಟ್ಟಲೇಬಾರದು. ವೆಸ್ಪಾ ಪಿಎಕ್ಸ್ ಥರದ ಸ್ಟೇಟರಿನಲ್ಲಿ ಹಸಿರು, ಕೆಂಪು, ಬಿಳಿ ವೈರುಗಳು ಇಗ್ನಿಷನ್ನಿನವು. ಬಿಳಿ ಅಂದರೆ ಇಗ್ನಿಷನ್ ಅರ್ಥ್, ಅದು ಅರ್ಥ್ ಆಗಿಯೇ ಇರಬೇಕು. ನಿಮ್ಮ ಗಾಡಿಯಲ್ಲಿ ಯಾರಾದರೂ ವೈರಿಂಗ್ ಬದಲಿಸಿದ್ದರೆ ಬಣ್ಣವನ್ನು ನಂಬಬೇಡಿ, ಮೀಟರನ್ನು ನಂಬಿ.

ಇಗ್ನಿಷನ್ ಯಾಕೆ ಮುಟ್ಟಬಾರದು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಅದು ಬ್ಯಾಟರಿ ಕೇಳದೆ ನಡೆಯುತ್ತದೆ. ಮಳೆಯಲ್ಲಿ, ಘಾಟಿನ ನಡುವೆ ಬ್ಯಾಟರಿ ಸತ್ತರೂ ಒಂದು ಕಿಕ್ಕಿಗೆ ಎಂಜಿನ್ ಶುರುವಾಗಬೇಕು. ಹಳೆ ಸ್ಕೂಟರಿನ ದೊಡ್ಡ ಗುಣವೇ ಅದು. ಯಾವ ಸುಧಾರಣೆಗಾಗಿಯೂ ಅದನ್ನು ಕಳೆದುಕೊಳ್ಳಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಕೋಥ್ರೂಡ್ ಚೇತಕ್

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಧನ್ಯವಾದ. ಕಾಕಾ, ಅರ್ಥ್ ಎಲ್ಲಾ ಕೆರೆದು ಸರಿ ಮಾಡಿ ಈ ಭಾನುವಾರ ಅಳೆಯುತ್ತೇನೆ.

ಒಂದು ಪ್ರಶ್ನೆ. ಎಲ್‌ಇಡಿ ಹೆಡ್‌ಲೈಟ್ ಹಾಕಿದರೆ ಎಸಿಯಲ್ಲೇ ಆಗುವುದಿಲ್ಲವಾ? ಬ್ಯಾಟರಿ ಎಷ್ಟು ದೊಡ್ಡದು ಬೇಕು?

ಹಡಪ್ಸರ್ ಸರ್ಕ್ಯೂಟ್

ಈ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಎಲೆಕ್ಟ್ರಾನಿಕ್ಸ್ ನನ್ನ ಕೆಲಸ.

ಎಲ್‌ಇಡಿಗೆ ಕರೆಂಟ್ ಒಂದೇ ದಿಕ್ಕಿಗೆ ಬೇಕು. ಫ್ಲೈವೀಲಿನಲ್ಲಿ ಆರು ಅಯಸ್ಕಾಂತದ ಧ್ರುವಗಳಿದ್ದರೆ ಒಂದು ಸುತ್ತಿಗೆ ಮೂರು ಸಲ ಕರೆಂಟ್ ಆಚೀಚೆ ಆಗುತ್ತದೆ. ನಿಮಿಷಕ್ಕೆ 1000 ಸುತ್ತಿನ ಐಡ್ಲಿಂಗ್‌ನಲ್ಲಿ ಅದು ಸೆಕೆಂಡಿಗೆ 50 ಸಲ. ಮಾಮೂಲಿ ಬಲ್ಬಿನ ತಂತಿ ನಡುವೆ ತಣಿಯುವಷ್ಟರಲ್ಲಿ ಮತ್ತೆ ಕಾಯುತ್ತದೆ, ಹಾಗಾಗಿ ಕಣ್ಣಿಗೆ ಗೊತ್ತಾಗುವುದಿಲ್ಲ. ಎಲ್‌ಇಡಿ ಕೂಡಲೇ ಆರಿ ಕೂಡಲೇ ಹೊತ್ತುತ್ತದೆ. ಎಸಿಯಲ್ಲಿ ಹಾಕಿದರೆ ಮಿಟುಕುತ್ತದೆ, ರಾತ್ರಿ ಕಣ್ಣಿಗೆ ಆಯಾಸ. ಕೆಲವು ಎಲ್‌ಇಡಿ ಬಲ್ಬಿನಲ್ಲಿ ಒಳಗೇ ಬ್ರಿಡ್ಜ್ ಇರುತ್ತದೆ, ಅವು ಸ್ವಲ್ಪ ವಾಸಿ. ಐಡ್ಲಿಂಗ್‌ನಲ್ಲಿ ಅವೂ ಒಂದೇ ಸಮ ಉರಿಯುವುದಿಲ್ಲ.

ಈಗ ಲೆಕ್ಕ. ಬ್ಯಾಟರಿ ಅಂದರೆ ಮನೆ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ. ಟ್ಯಾಂಕ್ ದೊಡ್ಡದು ಮಾಡಿದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಜಾಸ್ತಿ ಬರುವುದಿಲ್ಲ. ಮ್ಯಾಗ್ನೆಟ್ ಎಷ್ಟು ಕೊಡುತ್ತದೋ ಅಷ್ಟೇ ನಿಮ್ಮ ಆದಾಯ. ಪಿಎಕ್ಸ್ ಥರದ 12 ವೋಲ್ಟ್ ಸ್ಟೇಟರ್ ಒಳ್ಳೆ ಸ್ಥಿತಿಯಲ್ಲಿದ್ದರೆ, ಎಂಜಿನ್ ಜೋರಾಗಿ ತಿರುಗುವಾಗ 80 ವ್ಯಾಟಿನ ಆಸುಪಾಸು ಕೊಡುತ್ತದೆ. ಐಡ್ಲಿಂಗ್‌ನಲ್ಲಿ ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ. ಬ್ರಿಡ್ಜಿನಲ್ಲಿ ಎರಡು ಡಯೋಡ್ ದಾಟುವಾಗ ಸುಮಾರು 1.4 ವೋಲ್ಟ್ ಸೋರಿಕೆಯೂ ಇದೆ.

ಖರ್ಚಿನ ಕಡೆ ನೋಡಿ. 35 ವ್ಯಾಟ್ ಹೆಡ್‌ಲೈಟ್, 5 ವ್ಯಾಟ್ ಟೇಲ್. ಸೇರಿ 40 ವ್ಯಾಟ್, ಅಂದರೆ ಮೂರು ಆಂಪಿಯರಿಗಿಂತ ಜಾಸ್ತಿ. ಬ್ರೇಕ್ ಹಿಡಿದರೆ ಇನ್ನೊಂದು 10. ಇಂಡಿಕೇಟರ್ ಹಾಕಿದರೆ ಎರಡು ಬಲ್ಬಿಗೆ 20, ಅದು ಬಿಟ್ಟು ಬಿಟ್ಟು ಉರಿಯುವುದರಿಂದ ಸರಾಸರಿ ಅರ್ಧ. ಸಂಜೆ ಸ್ವಾರಗೇಟ್ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗುವಾಗ ಆದಾಯಕ್ಕಿಂತ ಖರ್ಚು ಜಾಸ್ತಿ. ಬ್ಯಾಟರಿ ದಿನಾ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತದೆ. ಪೂರ್ತಿ ಡಿಸಿ ಮಾಡಿ ಹಳೆ 35 ವ್ಯಾಟ್ ಬಲ್ಬನ್ನೇ ಇಟ್ಟುಕೊಂಡವರು ಬ್ಯಾಟರಿ ಕೆಟ್ಟಿತು ಅಂತ ದೂರುವುದು ಇದಕ್ಕೇ.

12ರಿಂದ 18 ವ್ಯಾಟಿನ ಒಳ್ಳೆ ಎಲ್‌ಇಡಿ ಹೆಡ್‌ಲೈಟ್, ಎಲ್‌ಇಡಿ ಟೇಲ್ ಹಾಕಿದರೆ ಖರ್ಚು ಒಂದೂವರೆ ಆಂಪಿಯರಿನ ಹತ್ತಿರ ಇಳಿಯುತ್ತದೆ. ಆಗ 12 ವೋಲ್ಟ್, 5 ಆಂಪಿಯರ್ ಅವರ್ ಬ್ಯಾಟರಿ ಧಾರಾಳ. 2.5 ಕೂಡ ನಡೆಯುತ್ತದೆ. ಸೀಲ್ಡ್ ಬ್ಯಾಟರಿಯನ್ನೇ ತಗೊಳ್ಳಿ, ಸ್ಕೂಟರಿನ ಅಲುಗಾಟಕ್ಕೆ ಆಸಿಡ್ ಚೆಲ್ಲುವ ಬ್ಯಾಟರಿ ಬೇಡ.

ಒಂದು ಎಚ್ಚರಿಕೆ. ಬಲ್ಬ್ ಕೂರಿಸಿದ ಮೇಲೆ ಗೋಡೆಗೆ ಬೆಳಕು ಹಾಕಿ ನೋಡಿ. ಹಳೆ ರಿಫ್ಲೆಕ್ಟರಿಗೆ ಸರಿ ಹೊಂದದ ಎಲ್‌ಇಡಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ರಸ್ತೆಗೆ ಬೀಳುವುದಿಲ್ಲ. ಡಿಪ್ ಹಾಕಿದಾಗ ಮೇಲಿನ ಗೆರೆ ಸ್ಪಷ್ಟವಾಗಿ ಕಾಣಬೇಕು. ನಿಮಗೆ ಬೆಳಕು ಬೇಕು ಅಂತ ಎದುರಿನ ಸವಾರನನ್ನು ಕುರುಡು ಮಾಡುವುದು ಅನ್ಯಾಯ ಅಲ್ವಾ?

ವಾಸ್ಕೋ ಉಪ್ಪುಗಾಳಿ

ಗೋವಾದಿಂದ ನಮಸ್ಕಾರ. ನನ್ನದು ಎಲ್‌ಎಂಎಲ್ ಕಂಪನಿಯ ಸ್ಕೂಟರ್, ಪೂರ್ತಿ ಡಿಸಿ. ಆಗಾಗ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಹೋಗುತ್ತೇನೆ. ಘಾಟಿನ ಮಂಜಿನಲ್ಲಿ ಇಂಡಿಕೇಟರ್, ಹೆಡ್‌ಲೈಟ್ ಎರಡೂ ಒಂದೇ ಸಮ ಉರಿಯುವುದು ನೋಡಿದರೆ ಮಾಡಿದ ಕೆಲಸ ಸಾರ್ಥಕ ಅನಿಸುತ್ತದೆ.

ಇಲ್ಲಿ ಯಾರೂ ಇನ್ನೂ ಹೇಳದ ಒಂದು ವಿಷಯ: ಬಾಡಿ ಅರ್ಥ್ ನಂಬಬೇಡಿ. ಕಡಲ ಗಾಳಿಗೆ ಪ್ರತಿ ಬೋಲ್ಟೂ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಇನ್ನು ಪೌಡರ್ ಕೋಟಿಂಗ್ ಮಾಡಿಸಿದ ಗಾಡಿಗಳಲ್ಲಂತೂ ಬೋಲ್ಟಿನ ಬುಡದಲ್ಲಿ ಬಣ್ಣ ಕೂತು ಅರ್ಥ್ ಸಿಗುವುದೇ ಇಲ್ಲ. ಹೆಡ್‌ಲೈಟಿನ ಅರ್ಥ್ ಹ್ಯಾಂಡಲ್, ಫೋರ್ಕ್, ಬೇರಿಂಗ್ ದಾಟಿ ಬಾಡಿಗೆ ಬರಬೇಕು. ಬೇರಿಂಗ್ ತುಂಬ ಗ್ರೀಸ್!

ನಾನು ಪ್ರತಿ ಲೈಟಿನಿಂದ, ಹಾರ್ನಿನಿಂದ, ಬೇರೆ ಕಪ್ಪು ವೈರು ಎಳೆದು ಬ್ಯಾಟರಿಯ ಮೈನಸ್ ಹತ್ತಿರ ಒಂದೇ ಕಡೆ ಸೇರಿಸಿದ್ದೇನೆ. ಪ್ರತಿ ಕನೆಕ್ಟರಿಗೂ ವ್ಯಾಸಲೀನ್ ಸವರಿದ್ದೇನೆ. ಕನೆಕ್ಟರ್ ಕೂರಿಸುವಾಗ ಬಾಯಿ ಕೆಳಗಿರಲಿ, ನೀರು ನಿಲ್ಲುವುದಿಲ್ಲ. ಮುಖ್ಯ ವೈರು 1.5 ಸ್ಕ್ವೇರ್ ಮಿ.ಮೀ., ಉಳಿದದ್ದು 0.75 ಸಾಕು. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ 10 ಆಂಪಿಯರ್ ಫ್ಯೂಸ್ ಇರಲೇಬೇಕು. ಎಸಿ ಗಾಡಿಯಲ್ಲಿ ವೈರು ಶಾರ್ಟ್ ಆದರೆ ಲೈಟ್ ಆರುತ್ತದೆ ಅಷ್ಟೇ. ಡಿಸಿಯಲ್ಲಿ ಬ್ಯಾಟರಿ ಹಿಂದೆ ನಿಂತಿದೆ. ಫ್ಯೂಸ್ ಇಲ್ಲದಿದ್ದರೆ ವೈರು ಹೊತ್ತಿಕೊಳ್ಳುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಇದೆ.

ಆಕುರ್ಡಿ ಕಾಕಾ

ಎಲ್ಲರೂ ಪೂರ್ತಿ ಡಿಸಿ ಅಂತ ಹೊರಟಿದ್ದೀರಿ. ನಡುವಿನ ದಾರಿ ಒಂದಿದೆ. ಹೆಡ್‌ಲೈಟ್ ಎಸಿಯಲ್ಲೇ ಇರಲಿ. ಹಾರ್ನು, ಇಂಡಿಕೇಟರ್, ಬ್ರೇಕ್ ಲೈಟು ಮಾತ್ರ ಬ್ಯಾಟರಿಯಿಂದ. ಇದಕ್ಕೆ ಹಾಫ್ ವೇವ್ (ಎಸಿಯ ಒಂದೇ ದಿಕ್ಕನ್ನು ಬಳಸುವ) ಆರ್‌ಆರ್ ಸಾಕು. ಕಾಯಿಲಿನ ಅರ್ಥ್ ಬಿಡಿಸಬೇಕಿಲ್ಲ, ಫ್ಲೈವೀಲ್ ತೆಗೆಯಬೇಕಿಲ್ಲ. ಹೀರೋ ಹೋಂಡಾ ಸ್ಪ್ಲೆಂಡರ್ ಬಹಳ ವರ್ಷ ಹೀಗೇ ಓಡಿತು. ಹೆಡ್‌ಲೈಟ್ ಬ್ಯಾಟರಿಗೆ ಭಾರ ಆಗುವುದಿಲ್ಲ. ಬ್ಯಾಟರಿ ಸತ್ತರೂ ಹೆಡ್‌ಲೈಟ್ ಉರಿಯುತ್ತದೆ. ಮಾಟುಂಗಾದವರು ಘಾಟಿನ ನಡುವೆ ಬ್ಯಾಟರಿ ಸತ್ತರೆ ಅಂದರಲ್ಲ, ಎಂಜಿನ್ ಶುರುವಾದರೆ ಸಾಕಾ? ದಾರಿ ಕಾಣಬೇಡವಾ?

ಮಾಟುಂಗಾ ಮೀಟರ್

ಕಾಕಾ, ನಿಮ್ಮ ಮಾತಿನಲ್ಲಿ ತೂಕ ಇದೆ. ದಿನಾ ಹಗಲಲ್ಲೇ ಓಡಿಸುವವರಿಗೆ, ಇಂಡಿಕೇಟರ್ ಮತ್ತು ಹಾರ್ನು ಗಟ್ಟಿಯಾದರೆ ಸಾಕು ಅನ್ನುವವರಿಗೆ ನಾನೂ ಇದನ್ನೇ ಹೇಳುತ್ತೇನೆ. ಆದರೆ ಕೋಥ್ರೂಡಿನ ತಮ್ಮನ ತೊಂದರೆ ಹೆಡ್‌ಲೈಟಿನದೇ. ಆಕ್ಸಿಲರೇಟರ್ ಬಿಟ್ಟಾಗ ಕತ್ತಲಾಗುವುದು ಹಾಫ್ ವೇವ್‌ನಲ್ಲಿ ಹಾಗೇ ಉಳಿಯುತ್ತದೆ.

ಬ್ಯಾಟರಿ ಸತ್ತರೆ ಅನ್ನುವ ಪ್ರಶ್ನೆಗೆ ಹಡಪ್ಸರಿನ ಮೇಡಂ ಕೆಪಾಸಿಟರ್ ಬಗ್ಗೆ ಹೇಳಲಿ.

ಹಡಪ್ಸರ್ ಸರ್ಕ್ಯೂಟ್

ಹೌದು. ಬ್ಯಾಟರಿಗೆ ಸಮಾನಾಂತರವಾಗಿ 4700 ಮೈಕ್ರೋಫ್ಯಾರಡ್, 35 ವೋಲ್ಟಿನ ಒಂದು ಕೆಪಾಸಿಟರ್ ಹಾಕಬೇಕು. ಪ್ಲಸ್, ಮೈನಸ್ ತಪ್ಪಬಾರದು. ಅದನ್ನು ಫ್ಯೂಸಿನ ಆರ್‌ಆರ್ ಕಡೆಗೆ ಹಾಕಿ. ಬ್ಯಾಟರಿ ಫ್ಯೂಸ್ ಹೋದರೂ ಆರ್‌ಆರ್‌ನಿಂದ ಬರುವ ಏರಿಳಿತವನ್ನು ಅದು ತಡೆಯುತ್ತದೆ, ಎಲ್‌ಇಡಿ ಉಳಿಯುತ್ತದೆ, ಎಂಜಿನ್ ತಿರುಗುವಷ್ಟು ಹೊತ್ತು ಬೆಳಕು ಇರುತ್ತದೆ. ಐಡ್ಲಿಂಗ್‌ನಲ್ಲಿ ಮಂಕಾಗಬಹುದು, ಆದರೆ ಮನೆಗೆ ಬರಬಹುದು. ಆರ್‌ಆರ್ ಮಾತ್ರ ಬ್ಯಾಟರಿ ಇಲ್ಲದೆಯೂ ನಡೆಯುವ ಜಾತಿಯದಾಗಿರಬೇಕು. ಕೊಳ್ಳುವಾಗಲೇ ಕೇಳಿ.

ಆರ್‌ಆರ್‌ನಲ್ಲಿ ಎರಡು ಬಗೆ. ಶಂಟ್ ಬಗೆಯದು ಜಾಸ್ತಿಯಾದ ಕರೆಂಟನ್ನು ಕಾಯಿಲಿಗೇ ಶಾರ್ಟ್ ಮಾಡುತ್ತದೆ, ಹಾಗಾಗಿ ಕಾಯಿಲ್ ಸದಾ ಬಿಸಿ. ಸೀರೀಸ್ ಬಗೆಯದು ಸರ್ಕ್ಯೂಟನ್ನೇ ಬಿಡಿಸುತ್ತದೆ, ಕಾಯಿಲ್ ತಣ್ಣಗಿರುತ್ತದೆ. ಆದರೆ ಬಿಡಿಸಿದ ಹೊತ್ತಿನಲ್ಲಿ ಕಾಯಿಲಿನ ವೋಲ್ಟೇಜ್ ಮೇಲೇರುತ್ತದೆ. ಹಳೆ ಕಾಯಿಲಿನ ವಾರ್ನಿಷ್ ಸೀಳಿದ್ದರೆ ಅಪಾಯ. ಹಳೆಯ, ರಿವೈಂಡ್ ಮಾಡದ ಸ್ಟೇಟರಿಗೆ ನಾನು ಶಂಟ್ ಬಗೆಯದನ್ನೇ ಹೇಳುತ್ತೇನೆ. ಅದನ್ನು ಬಯಲಾದ ಲೋಹದ ಮೇಲೆ, ಗಾಳಿ ಆಡುವ ಕಡೆ, ಥರ್ಮಲ್ ಪೇಸ್ಟ್ ಹಚ್ಚಿ ಕೂರಿಸಿ. ಡಿಕ್ಕಿಯ ಒಳಗೆ ಬಟ್ಟೆ, ಕಾಗದದ ನಡುವೆ ತುರುಕಬೇಡಿ.

ಕೆಪಾಸಿಟರ್, ಹೀಟ್ ಶ್ರಿಂಕ್ ಸ್ಲೀವ್ ಎಲ್ಲಾ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲಿ ಸಿಗುತ್ತದೆ. ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ.

ಭಾಂಡುಪ್ ಲ್ಯಾಂಬಿ

ನಾನೂ ಒಂದು ಪ್ರಶ್ನೆ ಸೇರಿಸಲಾ? ನನ್ನ ಹತ್ತಿರ ಹಳೆ ಲ್ಯಾಂಬ್ರೆಟ್ಟಾ ಸ್ಕೂಟರ್ ಇದೆ, ಎಪಿಐ (ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ) ಗಾಡಿ. ಇಲ್ಲೇ ಭಾಂಡುಪಿನ ಫ್ಯಾಕ್ಟರಿಯಲ್ಲಿ ಹುಟ್ಟಿದ್ದು, ಅದಕ್ಕೇ ಅಷ್ಟು ಪ್ರೀತಿ. 6 ವೋಲ್ಟ್, ಪಾಯಿಂಟ್ ಇಗ್ನಿಷನ್. 50 ವರ್ಷ ದಾಟಿದೆ. ವಿಂಟೇಜ್ ನೋಂದಣಿ ಮಾಡಿಸಬೇಕು ಅಂತ ಆಸೆ. ಡಿಸಿ ಮಾಡಿದರೆ ಅದು ಹೋಗುತ್ತದಾ? 6 ವೋಲ್ಟಿನ ಕಾಯಿಲಿನಿಂದ 12 ವೋಲ್ಟ್ ಬ್ಯಾಟರಿ ತುಂಬುತ್ತದಾ?

ಮಾಟುಂಗಾ ಮೀಟರ್

ನೋಂದಣಿ ಮಾತು ಮೊದಲು. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು. 50 ವರ್ಷ ಮೀರಿದ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗೆ ವಿಂಟೇಜ್ ಅಂತ ನೋಂದಣಿ ಸಿಗುತ್ತದೆ, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಮತ್ತೆ, ಆ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ ಅಂಥದ್ದಕ್ಕೆ ಮಾತ್ರ. ದಿನಾ ಓಡಿಸದ ಗಾಡಿಗೆ ಡಿಸಿ ಯಾಕೆ ಬೇಕು ಹೇಳಿ? ಭಾಂಡುಪಿನಲ್ಲೇ ಹುಟ್ಟಿದ ಲ್ಯಾಂಬ್ರೆಟ್ಟಾ ಇವತ್ತು ಮುಂಬೈಯಲ್ಲಿ ಸುಲಭಕ್ಕೆ ಕಾಣಸಿಗುವುದಿಲ್ಲ. ಅದರ ಮೂಲ ಹಾರ್ನೆಸ್ (ವೈರುಗಳ ಕಟ್ಟು), ಸ್ವಿಚ್ಚು, ಹಾರ್ನು ಹಾಗೇ ಉಳಿಯಲಿ ಅಂತ ನಾನು ಬೇಡಿಕೊಳ್ಳುತ್ತೇನೆ. ಹೊಸ ಬಟ್ಟೆ ಸುತ್ತಿದ ಅದೇ ನಮೂನೆಯ ವೈರು ಹಾಕಿಸಿ, ಅರ್ಥ್ ಸರಿ ಮಾಡಿಸಿ. ಸಾಕು.

ತಿಳಿದುಕೊಳ್ಳಲು ಹೇಳುವುದಾದರೆ, 6 ವೋಲ್ಟ್ ಕಾಯಿಲಿನಿಂದ 12 ಬರುತ್ತದೆ. ಭಾರ ಇಲ್ಲದಾಗ ಮ್ಯಾಗ್ನೆಟ್ಟಿನ ವೋಲ್ಟೇಜ್ ವೇಗದ ಜೊತೆ ಎಷ್ಟೋ ಮೇಲೇರುತ್ತದೆ. ಹಳೆ ಗಾಡಿಗಳಲ್ಲಿ ರೆಗ್ಯುಲೇಟರೇ ಇರಲಿಲ್ಲ, ಬಲ್ಬುಗಳ ಭಾರವೇ ಅದನ್ನು 6ಕ್ಕೆ ಹಿಡಿದಿಡುತ್ತಿತ್ತು. ಟೇಲ್ ಬಲ್ಬ್ ಹೋದರೆ ಹಿಂದೆಯೇ ಹೆಡ್‌ಲೈಟೂ ಹೋಗುತ್ತಿದ್ದದ್ದು ಅದಕ್ಕೇ. ಆದರೆ ಸಿಗುವ ವ್ಯಾಟು ಕಡಿಮೆ. ಕಡಿಮೆ ವೇಗದಲ್ಲಿ ಚಾರ್ಜಿಂಗ್ ಬಹುತೇಕ ಇರುವುದಿಲ್ಲ.

ಇನ್ನೊಂದು ದೊಡ್ಡ ವಿಷಯ, 6 ವೋಲ್ಟ್ ಗಾಡಿಯವರೆಲ್ಲ ಕೇಳಿಸಿಕೊಳ್ಳಿ. ಕೆಲವು ಹಳೆ ಮಾದರಿಗಳಲ್ಲಿ ಹಾರ್ನ್ ಬಟನ್ನು, ಬ್ರೇಕ್ ಸ್ವಿಚ್ಚು ಉಲ್ಟಾ. ಸುಮ್ಮನಿದ್ದಾಗ ಅವು ಮುಚ್ಚಿರುತ್ತವೆ, ಕರೆಂಟನ್ನು ಬಾಡಿಗೆ ಬಿಡುತ್ತವೆ. ಒತ್ತಿದಾಗ ತೆರೆಯುತ್ತವೆ, ಆಗ ಕರೆಂಟು ಹಾರ್ನಿಗೆ ಹೋಗುತ್ತದೆ. ಮ್ಯಾಗ್ನೆಟ್ಟಿಗೆ ಅದು ಸರಿ. ಅದೇ ಸ್ವಿಚ್ಚಿಗೆ ಬ್ಯಾಟರಿ ಕೊಟ್ಟರೆ ನೇರ ಶಾರ್ಟ್. ಇನ್ನು ಕೆಲವು ಪಾಯಿಂಟ್ ಗಾಡಿಗಳಲ್ಲಿ ಬ್ರೇಕ್ ಲೈಟು ಇಗ್ನಿಷನ್ ಸರ್ಕ್ಯೂಟಿನಲ್ಲೇ ಸೇರಿದೆ. ಬಲ್ಬ್ ಹೋಗಿದ್ದರೆ ಬ್ರೇಕ್ ಹಿಡಿದ ಕೂಡಲೇ ಎಂಜಿನ್ ಆಫ್!

ಭಾಂಡುಪ್ ಲ್ಯಾಂಬಿ

ಅರ್ಥವಾಯಿತು ಸರ್. ಲ್ಯಾಂಬ್ರೆಟ್ಟಾ ಹೇಗಿದೆಯೋ ಹಾಗೇ ಇರಲಿ. ಬಟ್ಟೆ ಸುತ್ತಿದ ವೈರು ಹುಡುಕಲು ಶುರು ಮಾಡುತ್ತೇನೆ.

ಕೋಥ್ರೂಡ್ ಚೇತಕ್

ನನ್ನದು ದಿನಾ ಓಡುವ ಗಾಡಿ, ಮಾಮೂಲಿ ನೋಂದಣಿ. 15 ವರ್ಷ ದಾಟಿದ್ದರಿಂದ 5 ವರ್ಷಕ್ಕೊಮ್ಮೆ ನವೀಕರಣ ಆಗಲೇಬೇಕು. ಆಗ ಲೈಟು, ಹಾರ್ನು, ಇಂಡಿಕೇಟರ್ ಎಲ್ಲಾ ತೋರಿಸಬೇಕು. ಅದಕ್ಕೂ ಇದು ಅನುಕೂಲ.

ಅಳೆದು ನೋಡಿದೆ. ಅರ್ಥ್ ಸರಿ ಮಾಡಿದ ಮೇಲೆ ಮಧ್ಯಮ ವೇಗದಲ್ಲಿ ಬಲ್ಬಿನ ಹತ್ತಿರ 12.3 ಎಸಿ ಬಂತು. ಮೊದಲು 9.5 ಇತ್ತು. ಕಾಕಾ, ಅರ್ಧ ರೋಗ ನೀವು ಹೇಳಿದ ಕಡೆಯೇ ಇತ್ತು! ಐಡ್ಲಿಂಗ್‌ನಲ್ಲಿ ಮಾತ್ರ 6ಕ್ಕಿಂತ ಮೇಲೆ ಹೋಗುವುದಿಲ್ಲ. ಪೂರ್ತಿ ಡಿಸಿ ಮಾಡುವುದು ಅಂತ ಗಟ್ಟಿ ಮಾಡಿದ್ದೇನೆ. ಫ್ಲೈವೀಲ್ ತೆಗೆಯುವ ಕ್ರಮ ಹೇಳಿ.

ಆಕುರ್ಡಿ ಕಾಕಾ

ಮನಸ್ಸು ಮಾಡಿದ್ದೀಯ ಅಂದರೆ ನೆಟ್ಟಗೆ ಮಾಡು. ಪುಲ್ಲರ್ (ಎಳೆದು ತೆಗೆಯುವ ಉಪಕರಣ) ಇಲ್ಲದೆ ಫ್ಲೈವೀಲಿಗೆ ಕೈ ಹಾಕಬೇಡ. ಸುತ್ತಿಗೆಯಿಂದ ಹೊಡೆದರೆ ಕ್ರ್ಯಾಂಕ್ ಹಾಳು, ಅಯಸ್ಕಾಂತವೂ ಸೋಲುತ್ತದೆ. ತೆಗೆದ ಮೇಲೆ ಕ್ರ್ಯಾಂಕಿನ ಅರ್ಧಚಂದ್ರ ಕೀಲಿಯನ್ನು ಜೋಪಾನ ಮಾಡು, ಅದು ಬಿದ್ದು ಕಳೆಯುವುದೇ ಜಾಸ್ತಿ. ಫ್ಲೈವೀಲನ್ನು ನೆಲದ ಮೇಲೆ ಮುಖ ಕೆಳಗೆ ಇಡಬೇಡ. ಕಬ್ಬಿಣದ ಪುಡಿ, ಸ್ಕ್ರೂ ಎಲ್ಲಾ ಹಿಡಿದುಕೊಳ್ಳುತ್ತದೆ.

ಪ್ಲೇಟು ಮೂರು ಸ್ಕ್ರೂನಲ್ಲಿ ನಿಂತಿದೆ. ಸಡಿಲ ಮಾಡುವ ಮೊದಲು ಪ್ಲೇಟು ಮತ್ತು ಕೇಸಿಂಗ್ ಎರಡರ ಮೇಲೂ ಸೇರಿದ ಹಾಗೆ ಒಂದು ಗೆರೆ ಕೊರೆ. ಅದೇ ಗೆರೆಗೆ ಮತ್ತೆ ಕೂರಿಸು. ಇಲ್ಲದಿದ್ದರೆ ಟೈಮಿಂಗ್ ಹೋಯಿತು, ಎಂಜಿನ್ ಬಿಸಿಯಾಗುತ್ತದೆ. ಹೇಗೂ ತೆರೆದಿದ್ದೀಯ, ಹಿಂದಿನ ಆಯಿಲ್ ಸೀಲ್ ಒದ್ದೆ ಇದ್ದರೆ ಬದಲಿಸಿಬಿಡು.

ಮಾಟುಂಗಾ ಮೀಟರ್

ಸೋಲ್ಡರ್ ಬಿಡಿಸುವಾಗ ಆ ಜಾಗದಲ್ಲಿ ಇಗ್ನಿಷನ್ನಿನ ಅರ್ಥ್ ಕೂಡ ಸೇರಿದ್ದರೆ ಅದನ್ನು ಮತ್ತೆ ಅಲ್ಲೇ ಕೂರಿಸಿ. ಲೈಟ್ ಕಾಯಿಲಿನ ತಂತಿ ಮಾತ್ರ ಹೊರಗೆ. ತಂತಿಯ ವಾರ್ನಿಷ್ ಕೆರೆದು ಸೋಲ್ಡರ್ ಮಾಡಿ, ಮೇಲೆ ಸ್ಲೀವ್. ಬಿಸಿ ತಡೆಯುವ ಸಿಲಿಕಾನ್ ವೈರನ್ನೇ ಬಳಸಿ. ವೈರು ಫ್ಲೈವೀಲಿಗೆ ತಾಗದ ಹಾಗೆ ಕಟ್ಟಿ, ಕೈಯಿಂದ ತಿರುಗಿಸಿ ನೋಡಿ.

ಆಮೇಲೆ ಮೀಟರನ್ನು ಬೀಪ್‌ಗೆ ಇಟ್ಟು ಎರಡು ಎಸಿ ವೈರುಗಳ ನಡುವೆ ಹಿಡಿಯಿರಿ, ಬೀಪ್ ಬರಬೇಕು. ಯಾವುದೇ ಒಂದು ವೈರು ಮತ್ತು ಎಂಜಿನ್ ನಡುವೆ ಹಿಡಿದರೆ ಬರಬಾರದು. ಬಂದರೆ ಎಲ್ಲೋ ಇನ್ನೂ ತಾಗುತ್ತಿದೆ, ಮುಂದೆ ಹೋಗಬೇಡಿ.

ಕೀ ಸ್ವಿಚ್ಚಿನಲ್ಲೂ ಎಚ್ಚರ. ನಿಮ್ಮ ಎಂಜಿನ್ ಆಫ್ ಆಗುವುದು ಕಿಲ್ ವೈರು ಬಾಡಿಗೆ ತಾಗಿದಾಗ. ಲೈಟು ಹೊತ್ತುವುದು ಬ್ಯಾಟರಿ ಪ್ಲಸ್ ಸಿಕ್ಕಾಗ. ಒಂದೇ ಕೀಯಲ್ಲಿ ಎರಡೂ ಬೇಕಿದ್ದರೆ ಒಳಗೆ ಎರಡು ಬೇರೆ ಬೇರೆ ಜೋಡಿ ಸಂಪರ್ಕ ಇರುವ ಸ್ವಿಚ್ ಬೇಕು. ಬ್ಯಾಟರಿಯ ಪ್ಲಸ್ಸು ಕಿಲ್ ವೈರಿಗೆ ತಾಗಿದರೆ ಸಿಡಿಐಗೆ ಏಟು ಬೀಳುತ್ತದೆ.

ಕೋಥ್ರೂಡ್ ಚೇತಕ್

ಕೆಲಸ ಮುಗಿಯಿತು! ಬ್ಯಾಟರಿ ಎಡಗಡೆ ಡಿಕ್ಕಿಯಲ್ಲಿ ರಬ್ಬರ್ ಹಾಸಿ ಬಿಗಿದಿದ್ದೇನೆ. ಆರ್‌ಆರ್ ಹೊರಗೆ, ಗಾಳಿಯಲ್ಲಿ.

ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.7. ಮಧ್ಯಮ ವೇಗದಲ್ಲಿ, ಹೆಡ್‌ಲೈಟ್ ಹಾಕಿ 14.1. ಪೂರ್ತಿ ಎಳೆದರೂ 14.3 ದಾಟುವುದಿಲ್ಲ. ಐಡ್ಲಿಂಗ್‌ನಲ್ಲಿ ಹೆಡ್‌ಲೈಟ್, ಬ್ರೇಕ್ ಎರಡೂ ಇದ್ದಾಗ 12.5ಕ್ಕೆ ಇಳಿಯುತ್ತದೆ. ಫ್ಯೂಸ್ ತೆಗೆದು ಕಿಕ್ ಹೊಡೆದೆ, ಎಂಜಿನ್ ಶುರುವಾಯಿತು, ಕೆಪಾಸಿಟರ್ ಮೇಲೇ ಹೆಡ್‌ಲೈಟ್ ಉರಿಯಿತು.

ಇನ್ನೊಂದೇ ತೊಂದರೆ. ಹಾರ್ನು ಬರೀ ಟಕ್ ಅನ್ನುತ್ತದೆ. ಇಂಡಿಕೇಟರ್ ಹೊತ್ತಿಕೊಂಡು ಹಾಗೇ ನಿಲ್ಲುತ್ತದೆ, ಮಿಟುಕುವುದಿಲ್ಲ.

ಹಡಪ್ಸರ್ ಸರ್ಕ್ಯೂಟ್

ಅಂಕಿ ಎಲ್ಲಾ ತುಂಬ ಚೆನ್ನಾಗಿದೆ, ಅಭಿನಂದನೆ. 14.5 ದಾಟದಿದ್ದರೆ ಬ್ಯಾಟರಿಗೆ ಒಳ್ಳೆಯದು.

ಹಾರ್ನು ಎಸಿಯದು. ಅದರೊಳಗೆ ಸಂಪರ್ಕ ಬಿಡಿಸಿ ಸೇರಿಸುವ ಪಾಯಿಂಟ್ ಇರುವುದಿಲ್ಲ. ಕರೆಂಟ್ ಆಚೀಚೆ ಆಗುವುದರಿಂದಲೇ ತಗಡು ಅಲುಗುತ್ತದೆ. ಡಿಸಿ ಕೊಟ್ಟರೆ ಒಂದು ಸಲ ಎಳೆದು ಸುಮ್ಮನಾಗುತ್ತದೆ, ಜಾಸ್ತಿ ಹೊತ್ತು ಒತ್ತಿದರೆ ಸುಡುತ್ತದೆ. 12 ವೋಲ್ಟ್ ಡಿಸಿ ಹಾರ್ನು ತಗೊಳ್ಳಿ. ಇಂಡಿಕೇಟರನ್ನು ಮಿಟುಕಿಸುವ ಫ್ಲ್ಯಾಶರ್ ಕೂಡ ಎಸಿಯದೇ ಇರಬೇಕು. ಎಲೆಕ್ಟ್ರಾನಿಕ್ ಡಿಸಿ ಫ್ಲ್ಯಾಶರ್ ಹಾಕಿ. ಇಂಡಿಕೇಟರ್ ಬಲ್ಬೂ ಎಲ್‌ಇಡಿ ಮಾಡಿದ್ದರೆ ಎಲ್‌ಇಡಿಗೆ ಆಗುವಂಥದ್ದೇ ಅಂತ ಕೇಳಿ ತಗೊಳ್ಳಿ, ಇಲ್ಲದಿದ್ದರೆ ವಿಪರೀತ ವೇಗವಾಗಿ ಮಿಟುಕುತ್ತದೆ.

ಆಕುರ್ಡಿ ಕಾಕಾ

ಹಳೆ ಹಾರ್ನು, ಹಳೆ ರೆಗ್ಯುಲೇಟರ್, ಫ್ಲ್ಯಾಶರ್ ಯಾವುದನ್ನೂ ಎಸೆಯಬೇಡ ತಮ್ಮಾ. ಒಂದು ಡಬ್ಬಿಯಲ್ಲಿ ಹಾಕಿ, ಯಾವ ವೈರು ಎಲ್ಲಿಂದ ಎಲ್ಲಿಗೆ ಅಂತ ಚಿತ್ರ ಬರೆದು ಜೊತೆಗಿಡು. ಹೊಸ ವೈರಿಂಗಿನ ಚಿತ್ರದ ಇನ್ನೊಂದು ಪ್ರತಿ ಡಿಕ್ಕಿಯಲ್ಲಿರಲಿ, ಫ್ಯೂಸಿನ ಜೊತೆ. ದಾರಿಯಲ್ಲಿ ಗಾಡಿ ತೆರೆಯುವ ಮೆಕ್ಯಾನಿಕ್‌ಗೆ ಇದು ಎಸಿ ಗಾಡಿ ಅಲ್ಲ ಅಂತ ಮೊದಲೇ ತಿಳಿಯಬೇಕು.

ಕೋಥ್ರೂಡ್ ಚೇತಕ್

ಆಗಲಿ ಕಾಕಾ. ನಾಳೆ ನಾನಾ ಪೇಟೆಗೆ ಹೋಗಿ ಹಾರ್ನು, ಫ್ಲ್ಯಾಶರ್ ತರುತ್ತೇನೆ. ವೈರಿಂಗ್ ಚಿತ್ರ ನೀಟಾಗಿ ಬರೆದು ಇಲ್ಲೇ ಹಾಕುತ್ತೇನೆ. ಮಾಟುಂಗಾ ಸರ್, ಹಾಕಿದ ಮೇಲೆ ಕಿಲ್ ವೈರಿನ ಭಾಗ ಒಮ್ಮೆ ನೋಡಿ ಹೇಳಿ.